ನಲವತ್ಮೂರು ಡಿಗ್ರಿಯ ಕೋಣೆ

ಈ ಅಕ್ಟೋಬರಿನಲ್ಲಿ ಫ್ಲೂ ಲಸಿಕೆ ಹಾಕಿಸಿಕೊಳ್ಳಲು ಶೆಫೀಲ್ಡಿನ ಬ್ರೂಮ್‌ಹಿಲ್‌ನ ನಮ್ಮ ಡಾಕ್ಟರ ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸ್ ಗೋಡೆ ಪಕ್ಕದ ಸಣ್ಣ ಫ್ರಿಜ್ಜಿನ ಮೇಲಿನ ಅಂಕಿ ಓದಿದರು, ಪಕ್ಕದಲ್ಲಿ ತೂಗುಹಾಕಿದ್ದ ಹಾಳೆಯಲ್ಲಿ ಬರೆದು ಹೆಸರಿನ ಮೊದಲಕ್ಷರ ಹಾಕಿದರು, ಆಮೇಲೆ ಬಾಗಿಲು ತೆಗೆದರು. ಅಂಗಿಯ ತೋಳು ಮಡಚಿಕೊಂಡು ಕೂತಿದ್ದ ನಾನು ಆ ಹಾಳೆಯನ್ನೇ ನೋಡುತ್ತಿದ್ದೆ. "ಭಯವಾದರೆ ಆ ಕಡೆ ತಿರುಗಿ ಲವ್, ಒಂದು ಕ್ಷಣ ಅಷ್ಟೆ," ಎಂದರು, ಇಲ್ಲಿಯವರು ಎಲ್ಲರನ್ನೂ ಲವ್ ಎಂದೇ ಕರೆಯುವ ಹಾಗೆ. ನನಗೆ ಸೂಜಿಯ ಭಯವಿಲ್ಲ. ಫ್ರಿಜ್ಜಿನ ಬಾಗಿಲು ಎಷ್ಟು ಹೊತ್ತು ತೆರೆದಿತ್ತು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಹನ್ನೊಂದು ಸೆಕೆಂಡು.

ಬಾಗಿಲು ತೆರೆದಿರುವ ಹೊತ್ತನ್ನು ಎಣಿಸುವ ಈ ಚಾಳಿ ನನಗೆ ಅಂಟಿದ್ದು ಬರ್ಚ್‌ವುಡ್‌ನಲ್ಲಿ. ಶೆಫೀಲ್ಡ್‌ಗೆ ಬರುವ ಮುಂಚೆ ನಾವು ವಾರಿಂಗ್ಟನ್‌ನಲ್ಲಿದ್ದೆವು. ಬರ್ಚ್‌ವುಡ್ ಆ ಊರಿನ ಅಂಚಿನ ಬಡಾವಣೆ. ಗಂಡನಿಗೆ ವಾರಿಂಗ್ಟನ್ನಿನ ಆಸ್ಪತ್ರೆಯಲ್ಲಿ ಕೆಲಸ. ನಾನು ಬೆಂಗಳೂರಿನ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಕೂತು ಬಂದವಳು. ಇಲ್ಲಿ ಕನ್ನಡದ ಉಪಸಂಪಾದಕಿಗೆ ಯಾರು ಕೆಲಸ ಕೊಡುತ್ತಾರೆ? ಕೊಡಿಸಿದವರು ಪಾಟೀಲರು. ಧಾರವಾಡದವರು, ಐವತ್ತು ದಾಟಿದವರು, ಬರ್ಚ್‌ವುಡ್‌ನ ಬಿಸಿನೆಸ್ ಪಾರ್ಕಿನಲ್ಲಿದ್ದ ಒಂದು ಪರೀಕ್ಷಾ ಪ್ರಯೋಗಾಲಯದಲ್ಲಿ ಹಿರಿಯ ಎಂಜಿನಿಯರು. ಅವರ ಹೆಂಡತಿ ನನ್ನ ಗಂಡನ ವಾರ್ಡಿನಲ್ಲೇ ಡಾಕ್ಟರು. "ನಮ್ಮ ಲ್ಯಾಬಿಗೆ ದಿನಚರಿ ಬರಿಯೋರು ಬೇಕಾಗ್ಯಾರ. ಕಣ್ಣಾರೆ ಕಂಡದ್ದಷ್ಟ ಬರೀಬೇಕು, ಒಂದ ಅಕ್ಷರ ಹೆಚ್ಚಿಲ್ಲ. ನಿಮ್ಮಂಥಾ ಪೇಪರ್‌ನೋರಿಗೆ ಅದು ಕಷ್ಟ ಆಗಬಹುದು, ನೋಡ್ರಿ," ಎಂದು ನಕ್ಕಿದ್ದರು.

ಆ ಪ್ರಯೋಗಾಲಯದಲ್ಲಿ ಯಂತ್ರಗಳನ್ನು ಕಾಯಿಸುವುದು, ನಡುಗಿಸುವುದು, ಒದ್ದೆ ಮಾಡುವುದು, ಅವು ಬದುಕಿದರೆ ಪ್ರಮಾಣಪತ್ರ ಕೊಡುವುದು, ಇಷ್ಟೇ ಕೆಲಸ. ಕಟ್ಟಡದ ಹಿಂಭಾಗದಲ್ಲಿ ಎರಡು ಕಾರು ನಿಲ್ಲಿಸುವಷ್ಟು ದೊಡ್ಡ ಬಿಸಿಕೋಣೆಯೊಂದಿತ್ತು. ಒಳಗಿನ ಗಾಳಿಯನ್ನು ನಲವತ್ಮೂರು ಡಿಗ್ರಿಗೆ ಇಟ್ಟು ಬಾಗಿಲು ಮುಚ್ಚಿದರೆ ದಿನಗಟ್ಟಲೆ ಅಲ್ಲಾಡದೆ ನಿಲ್ಲುತ್ತಿತ್ತು. ಪಾಟೀಲರು ಅದಕ್ಕೆ ಬಿಜಾಪುರ ಎಂದು ಹೆಸರಿಟ್ಟಿದ್ದರು. ಹೊರಗೆ ನವೆಂಬರಿನ ಮಳೆ ಅಡ್ಡಡ್ಡ ಬೀಸುವಾಗ, ನಾಲ್ಕು ಗಂಟೆಗೇ ಕತ್ತಲಾಗುವಾಗ, "ನಡೀರಿ ಮೇಡಂ, ಬಿಜಾಪುರಕ್ಕ ಹೋಗಿ ಮೈ ಕಾಸ್ಕೊಂಡ ಬರೋಣು," ಎನ್ನುತ್ತಿದ್ದರು. ಅದು ತಮಾಷೆ ಮಾತ್ರ. ಪರೀಕ್ಷೆ ನಡೆಯುವಾಗ ಒಳಗೆ ಹೋಗುವುದು ನಿಷಿದ್ಧ. ಯಾರಾದರೂ ಬಾಗಿಲು ತೆರೆದರೆ ಹೊತ್ತು, ಕಾರಣ, ಹೆಸರು ಮೂರನ್ನೂ ದಿನಚರಿಯಲ್ಲಿ ಬರೆಯಬೇಕು. ಆ ದಿನಚರಿ ನನ್ನದು.

ಆ ವರ್ಷ ದೀಪಾವಳಿಗೆ ಸ್ವಲ್ಪ ಮುಂಚೆ ಘಾನಾದಿಂದ ಒಂದು ಪೆಟ್ಟಿಗೆ ಬಂತು. ಜೊತೆಗೆ ಅದನ್ನು ಮಾಡಿದ ಅಬೇನಾ ಬಂದರು.

ಕುಮಾಸಿ ನಗರದವರು. ವಯಸ್ಸು ನಲವತ್ತರ ಆಸುಪಾಸು, ಎತ್ತರದ ಹೆಂಗಸು, ಎರಡು ಸ್ವೆಟರಿನ ಮೇಲೆ ಒಂದು ಕೋಟು. ತಂದೆ ಫ್ರಿಜ್ ರಿಪೇರಿಯವರು. ಮಗಳು ಎಂಜಿನಿಯರಿಂಗ್ ಓದಿ, ಅದೇ ರಿಪೇರಿ ಅಂಗಡಿಯ ಹಿತ್ತಲಿನಲ್ಲಿ ಹನ್ನೊಂದು ಜನರ ಕಾರ್ಖಾನೆ ನಡೆಸುತ್ತಿದ್ದರು. ಅವರು ಮಾಡಿದ್ದು ಲಸಿಕೆ ಇಡುವ ತಣ್ಣನೆಯ ಪೆಟ್ಟಿಗೆ. ಮೇಲೆ ಸೌರಫಲಕ. ಬ್ಯಾಟರಿ ಇಲ್ಲ. ಹಗಲಿನ ಬಿಸಿಲಿನಲ್ಲಿ ಪೆಟ್ಟಿಗೆಯ ಗೋಡೆಯೊಳಗಿನ ನೀರು ಮಂಜುಗಡ್ಡೆಯಾಗುತ್ತದೆ. ಬಿಸಿಲಿಲ್ಲದ ದಿನಗಳಲ್ಲಿ ಆ ಮಂಜು ಕರಗುತ್ತ ಒಳಗಿನ ತಂಪನ್ನು ಕಾಯುತ್ತದೆ. ಹೊರಗಿನ ಬಿಸಿ ಒಳಗೆ ಇಳಿಯದಂತೆ ಸುತ್ತಲೂ ಸುಟ್ಟ ಭತ್ತದ ಹೊಟ್ಟನ್ನು ಒತ್ತಿ ಮಾಡಿದ ದಪ್ಪ ಹಲಗೆ.

ಹೊಟ್ಟು ಎಂದಾಗ ಪ್ರಯೋಗಾಲಯದ ಮ್ಯಾನೇಜರ್ ಕೀತ್ ಹುಬ್ಬೇರಿಸಿದರು. ನಾನು ಹುಬ್ಬೇರಿಸಲಿಲ್ಲ, ಆದರೆ ಅನುಮಾನ ಅವತ್ತೇ ಹುಟ್ಟಿತು. ಪತ್ರಿಕೆಯಲ್ಲಿದ್ದಾಗ ನೀರಿನಿಂದ ಉರಿಯುವ ಒಲೆ ಕಂಡುಹಿಡಿದವನೊಬ್ಬನ ಸುದ್ದಿಯನ್ನು ನಾನೇ ತಿದ್ದಿ, ನಾನೇ ಶೀರ್ಷಿಕೆ ಕೊಟ್ಟು, ಮುಖಪುಟಕ್ಕೆ ಹಾಕಿದ್ದೆ. ಮೂರನೆಯ ದಿನ ಅವನ ಮೋಸ ಬಯಲಾಯಿತು. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ವಿಷಾದ ಪ್ರಕಟಿಸಿದೆವು. ಅಂದಿನಿಂದ ಪವಾಡದ ಯಂತ್ರ ಯಾವುದನ್ನು ಕಂಡರೂ ಮೊದಲು ಅದರ ಹಿಂಭಾಗ ನೋಡುವ ಮನಸ್ಸು ನನ್ನದು.

ಅಬೇನಾ ಬೇಗ ಬರುತ್ತಿದ್ದರು. ಮ್ಯಾಂಚೆಸ್ಟರಿನಲ್ಲಿ ಸೋದರಸಂಬಂಧಿಯ ಮನೆಯಲ್ಲಿ ವಾಸ. ಆ ಸಂಬಂಧಿ ವೃದ್ಧರ ಕೇರ್ ಹೋಮಿನ ಕೆಲಸಗಾರ್ತಿ, ಬೆಳಗಿನ ಪಾಳಿ. ಮನೆಗೆ ಇದ್ದದ್ದು ಒಂದೇ ಕೀಲಿ. ಆಕೆ ಹೊರಟಾಗ ಅಬೇನಾ ಕೂಡ ಹೊರಡಬೇಕು. ಹೀಗಾಗಿ ಏಳೂವರೆಗೆಲ್ಲ ಲ್ಯಾಬಿನ ಬಾಗಿಲಲ್ಲಿ ಹಾಜರು. ಕೈಯಲ್ಲಿ ದಪ್ಪದ ಫ್ಲಾಸ್ಕು, ಹೆಗಲಿಗೆ ದೊಡ್ಡ ಚೀಲ. ಇವೆಲ್ಲವನ್ನೂ ನಾನು ಗಮನಿಸಿಟ್ಟುಕೊಂಡಿದ್ದೆ.

"ಈ ಮುಂಚೆ ಪೊಲೀಸ್ ಇಲಾಖೆಯಲ್ಲಿದ್ದಿರಾ?" ಎಂದು ಒಂದು ದಿನ ಕೇಳಿದರು.

"ಪತ್ರಿಕೆಯಲ್ಲಿ."

"ಹಾಗಾದರೆ ಅದಕ್ಕಿಂತ ಕಷ್ಟ. ಪೊಲೀಸರಿಗೆ ಮಧ್ಯಾಹ್ನ ಊಟದ ಬಿಡುವಾದರೂ ಇರುತ್ತದೆ," ಎಂದರು. ನಾನು ನಗಲಿಲ್ಲ. ಯಂತ್ರವನ್ನು ಪರೀಕ್ಷೆಗೆ ತಂದವರು ಲ್ಯಾಬಿನವರನ್ನು ನಗಿಸುವುದೂ ನನಗೆ ಅನುಮಾನದ ವಿಷಯವೇ ಆಗಿತ್ತು.

ಅವರ ಆತುರ ಏನೆಂದು ಎಲ್ಲರಿಗೂ ಗೊತ್ತಿತ್ತು. ಅವರ ದೇಶದ ಹಳ್ಳಿ ಆರೋಗ್ಯ ಕೇಂದ್ರಗಳಿಗೆ ಲಸಿಕೆ ಪೆಟ್ಟಿಗೆ ಕೊಳ್ಳುವ ಟೆಂಡರು ಮುಗಿಯಲು ಎರಡು ವಾರವಿತ್ತು. ಅರ್ಜಿಯ ಜೊತೆ ನಮ್ಮ ವರದಿ ಇರಬೇಕು. ವರದಿ ಇಲ್ಲದಿದ್ದರೆ ಟೆಂಡರಿಲ್ಲ, ಟೆಂಡರಿಲ್ಲದಿದ್ದರೆ ಹನ್ನೊಂದು ಜನರಲ್ಲಿ ಕೆಲವರನ್ನು ಮನೆಗೆ ಕಳಿಸಬೇಕು. "ಅದರಲ್ಲಿ ಇಬ್ಬರು ನನ್ನ ಅತ್ತೆಯ ಮಕ್ಕಳು. ಅವರನ್ನು ಕಳಿಸಿದರೆ ನಾನು ಹಬ್ಬಕ್ಕೆ ಊರಿಗೆ ಹೋಗುವ ಹಾಗಿಲ್ಲ," ಎಂದಿದ್ದರು.

ಪರೀಕ್ಷೆ ಸರಳ. ಪೆಟ್ಟಿಗೆಯೊಳಗೆ ಮಂಜು ಕಟ್ಟಿದ ಮೇಲೆ ಅದನ್ನು ಬಿಜಾಪುರದ ನಡುವೆ ನಿಲ್ಲಿಸಿ, ಕರೆಂಟು ತೆಗೆದು, ಒಳಗಿನ ತಾಪ ಹತ್ತು ಡಿಗ್ರಿ ದಾಟಲು ಎಷ್ಟು ಹೊತ್ತು ಬೇಕು ಎಂದು ಅಳೆಯುವುದು. ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕರೆಂಟು ತೆಗೆದೆವು. ಗುರುವಾರ ಸಂಜೆಯೊಳಗೆ ಮುಗಿಯುತ್ತದೆ ಎಂದು ಕೀತ್ ಲೆಕ್ಕ ಹಾಕಿದ್ದರು. ಗುರುವಾರ ಮುಗಿಯಲಿಲ್ಲ. ಶುಕ್ರವಾರವೂ ಮುಗಿಯಲಿಲ್ಲ. ಅಬೇನಾ ಪರದೆಯ ಮುಂದೆ ನಿಂತು ಅಂಕಿಯನ್ನು ನೋಡಿ ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡು ತಲೆಯಾಡಿಸಿದರು. "ಇಷ್ಟು ನಾನೂ ಎಣಿಸಿರಲಿಲ್ಲ," ಎಂದರು. ಆ ಮಾತನ್ನೂ ನಾನು ನನ್ನ ಸ್ವಂತ ಪುಸ್ತಕದಲ್ಲಿ ಬರೆದುಕೊಂಡೆ. ತಮ್ಮ ಯಂತ್ರದ ಬಗ್ಗೆ ತಾವೇ ಆಶ್ಚರ್ಯಪಡುವವರನ್ನು ನಾನು ಆ ಮುಂಚೆಯೂ ಕಂಡಿದ್ದೆ.

ಅದೇ ಶನಿವಾರ ನಮ್ಮ ಕನ್ನಡ ಬಳಗದ ದೀಪಾವಳಿ ಊಟವಿತ್ತು. ಬಾಡಿಗೆಗೆ ಹಿಡಿದ ಸಮುದಾಯ ಭವನ, ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಜಗಳವಾಡುವ ಮಕ್ಕಳು. ಪಾಟೀಲರು ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಮೊಸರು ತಂದಿದ್ದರು. ಅವರ ಮೊಸರಿಗೆ ನಮ್ಮಲ್ಲಿ ಹೆಸರಿತ್ತು. ನನಗೂ ವಾರಕ್ಕೆರಡು ಡಬ್ಬಿ ಕೊಡುತ್ತಿದ್ದರು.

"ಏನ್ ಮೊಸರು ರೀ ಇದು, ಚಾಕು ತಗೊಂಡು ಕತ್ತರಿಸ್ಬೋದು," ಎಂದರು ಮೈಸೂರಿನ ಡಾಕ್ಟರೊಬ್ಬರು. "ನಮ್ಮನೇಲಿ ರೇಡಿಯೇಟರ್ ಪಕ್ಕ ಇಟ್ರೂ ಬೆಳಿಗ್ಗೆ ಹಾಲು ಹಾಲಾಗೇ ಇರತ್ತೆ."

"ಹೆಪ್ಪು ಹಾಕೋದು ಒಂದ ಕಲಾ ಐತ್ರಿ, ಡಾಕ್ಟರ್. ನಿಮ್ಮ ಪುಸ್ತಕದಾಗ ಇಲ್ಲ ಅದು," ಎಂದರು ಪಾಟೀಲರು. ಎಲ್ಲರೂ ನಕ್ಕರು. ನಾನೂ ಎರಡನೆಯ ಸಲ ಬಡಿಸಿಕೊಂಡೆ.

ಪೆಟ್ಟಿಗೆ ಹತ್ತು ಡಿಗ್ರಿ ದಾಟಿದ್ದು ಭಾನುವಾರ ಮಧ್ಯಾಹ್ನ. ಆರು ದಿನ ಮೀರಿತ್ತು. ಸೋಮವಾರ ಬೆಳಿಗ್ಗೆ ನಾನು ಇಡೀ ವಾರದ ನಕ್ಷೆಯನ್ನು ಮುದ್ರಿಸಿ ಮೇಜಿನ ಮೇಲೆ ಹರಡಿದೆ. ಎರಡು ಗೆರೆಗಳು. ಕೆಳಗಿನದು ಪೆಟ್ಟಿಗೆಯ ಒಳಗಿನ ತಾಪ, ನಿಧಾನವಾಗಿ ಏರುವ ಗೆರೆ. ಮೇಲಿನದು ಕೋಣೆಯ ಗಾಳಿಯ ತಾಪ, ಹಲಗೆಯಂತೆ ನೇರವಾಗಿರಬೇಕಾದದ್ದು. ನೇರವಾಗಿರಲಿಲ್ಲ. ಅಲ್ಲಲ್ಲಿ ಸಣ್ಣ ಹಲ್ಲು ಮುರಿದಂತೆ ಕುಸಿತ. ಎಣಿಸಿದೆ. ಸೋಮವಾರ ಒಂದು, ಮಂಗಳವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಎರಡೆರಡು. ಬೆಳಿಗ್ಗೆ ಏಳೂವರೆ ದಾಟಿದ ಮೇಲೊಂದು, ಮಧ್ಯಾಹ್ನ ಒಂದರ ಹೊತ್ತಿಗೊಂದು. ಶುಕ್ರವಾರದ್ದು ಎಲ್ಲಕ್ಕಿಂತ ಆಳ. ಶನಿವಾರ, ಭಾನುವಾರ ಒಂದೂ ಇಲ್ಲ.

ಯಾರೋ ಬಾಗಿಲು ತೆರೆದಿದ್ದರು. ಒಂಬತ್ತು ಸಲ. ದಿನಚರಿಯಲ್ಲಿ ಒಂದೂ ದಾಖಲಾಗಿರಲಿಲ್ಲ.

ಅಂದಾಜು ಕಟ್ಟಲು ನನಗೆ ಐದು ನಿಮಿಷ ಬೇಕಾಗಲಿಲ್ಲ. ಎಣಿಸಿದ್ದಕ್ಕಿಂತ ಹೆಚ್ಚು ದಿನ ತಣ್ಣಗಿದ್ದ ಪೆಟ್ಟಿಗೆ. ಏಳೂವರೆಗೆ ಬರುವ ಹೆಂಗಸು. ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಹೋದಾಗ ಲ್ಯಾಬಿನಲ್ಲೇ ಕೂತು ತಿನ್ನುವ ಹೆಂಗಸು. ಮಂಜುಗಡ್ಡೆ ಹಿಡಿಯುವ ಫ್ಲಾಸ್ಕು. ಎಲ್ಲ ಸೇರಿತು. ಸುದ್ದಿಮನೆಯಲ್ಲಿ ಹೀಗೆ ಎಲ್ಲ ತಾನಾಗಿ ಸೇರಿಕೊಂಡಾಗ ಮುಖ್ಯ ಉಪಸಂಪಾದಕರು, "ತುಂಬ ಚೆನ್ನಾಗಿ ಕೂತಿದೆ, ಇನ್ನೊಂದು ಸಲ ಕೇಳಿ ನೋಡು," ಎನ್ನುತ್ತಿದ್ದರು. ಇನ್ನೊಂದು ಸಲ ಕೇಳಬಹುದಾಗಿದ್ದ ಪಾಟೀಲರು ಅವತ್ತು ಲೀಡ್ಸ್‌ಗೆ ಬೇರೊಂದು ಲ್ಯಾಬಿನ ಉಪಕರಣ ತಪಾಸಣೆಗೆ ಹೋಗಿದ್ದರು. ಬುಧವಾರ ಬರುವವರಿದ್ದರು. ನಾನು ಕಾಯಲಿಲ್ಲ.

ದಿನಚರಿಯಲ್ಲಿ ಎರಡು ವಾಕ್ಯ ಬರೆದೆ. ಪರೀಕ್ಷೆಯ ಅವಧಿಯಲ್ಲಿ ಕೋಣೆಯ ಬಾಗಿಲು ಒಂಬತ್ತು ಬಾರಿ ದಾಖಲೆಯಿಲ್ಲದೆ ತೆರೆದಿರುವುದು ನಕ್ಷೆಯಿಂದ ಕಾಣುತ್ತದೆ. ಆ ಎಲ್ಲ ಹೊತ್ತಿನಲ್ಲೂ ಅರ್ಜಿದಾರರ ಪ್ರತಿನಿಧಿ ಕಟ್ಟಡದಲ್ಲಿ ಹಾಜರಿದ್ದರು.

ಎರಡೂ ನಿಜ. ಒಂದು ಅಕ್ಷರವೂ ಹೆಚ್ಚಿಲ್ಲ. ಎರಡು ನಿಜಗಳನ್ನು ಪಕ್ಕಪಕ್ಕ ಇಟ್ಟರೆ ಓದುವವರು ಮೂರನೆಯದನ್ನು ತಾವೇ ಬರೆದುಕೊಳ್ಳುತ್ತಾರೆ ಎಂಬುದು ಹದಿನಾಲ್ಕು ವರ್ಷ ಡೆಸ್ಕಿನಲ್ಲಿ ಕೂತವಳಿಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಯಾರೂ ನಂಬಬಾರದು.

ಕೀತ್ ಓದಿದರು. "ಓ, ಇದು ಚೆನ್ನಾಗಿಲ್ಲ ಲವ್, ಇದು ಸ್ವಲ್ಪವೂ ಚೆನ್ನಾಗಿಲ್ಲ," ಎಂದರು. ಕೋಣೆಯನ್ನು ಆರಿಸಿ ಬೀಗ ಹಾಕಿಸಿದರು. ಮಂಗಳವಾರ ಅಬೇನಾರನ್ನು ಕರೆದು, ಪರೀಕ್ಷೆ ಅನೂರ್ಜಿತ, ಅವರ ಪ್ರವೇಶ ಕಾರ್ಡು ಸದ್ಯಕ್ಕೆ ರದ್ದು ಎಂದರು. ಆಮೇಲೆ ಬಹಳ ಮರ್ಯಾದೆಯಿಂದ, ಚೀಲ ತೋರಿಸಲು ಅಭ್ಯಂತರವಿದೆಯೇ ಎಂದು ಕೇಳಿದರು. ಸಾಕ್ಷಿಗೆ ನಾನಿದ್ದೆ.

ಅಬೇನಾ ಒಂದೊಂದಾಗಿ ಮೇಜಿನ ಮೇಲಿಟ್ಟರು. ಇನ್ನೊಂದು ಸ್ವೆಟರು. ಅಳತೆ ಪಟ್ಟಿ. ಕೆಂಪು ಮೆಣಸಿನ ಚಟ್ನಿಯ ಸೀಸೆ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ನನ್ನ ಮೂಗಿನ ಹತ್ತಿರ ಹಿಡಿದರು. ಬಿಸಿ ಗಂಜಿ, ಶುಂಠಿಯ ಘಾಟು.

"ಮೂಸಿ ನೋಡಿ ಬರೆದುಕೊಳ್ಳಿ," ಎಂದರು. ಆಮೇಲೆ ನಕ್ಷೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಕೆಳಗಿನ ಗೆರೆಯ ಮೇಲೆ ಬೆರಳಿಟ್ಟರು. "ಶನಿವಾರ, ಭಾನುವಾರ ನಾನಿರಲಿಲ್ಲ. ಯಾರೂ ಇರಲಿಲ್ಲ. ವಾರವಿಡೀ ನಾನು ಮಂಜು ತುಂಬುತ್ತಿದ್ದೆ ಎನ್ನುವುದಾದರೆ, ಶನಿವಾರದಿಂದ ಈ ಗೆರೆ ಸರ್ರನೆ ಏರಬೇಕಿತ್ತು. ಏರಿದೆಯಾ? ಅದೇ ಓರೆ. ಕೀತ್, ನೀವು ಎಂಜಿನಿಯರ್. ನೋಡಿ."

ಕೀತ್ ನೋಡಿದರು. "ಇರಬಹುದು. ಆದರೆ ಬಾಗಿಲು ತೆರೆದಿದೆ, ಕಾರಣ ಗೊತ್ತಿಲ್ಲ. ಕಾರಣ ಗೊತ್ತಿಲ್ಲದ ವರದಿಗೆ ನಾನು ಸಹಿ ಹಾಕಲಾರೆ."

"ಹಾಗಾದರೆ ಕಾರಣ ಹುಡುಕಿ. ನನ್ನ ಚೀಲದಲ್ಲಿ ಮಾತ್ರ ಹುಡುಕಿದರೆ ಹೇಗೆ?"

ಟೆಂಡರಿಗೆ ಆರು ದಿನ ಉಳಿದಿತ್ತು. ಹೊಸದಾಗಿ ಮಂಜು ಕಟ್ಟಿಸಿ ಪರೀಕ್ಷೆ ಮಾಡಲು ಎರಡು ವಾರ ಬೇಕು. ಅಬೇನಾ ಸಾಮಾನನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿಕೊಂಡು ಸಂದರ್ಶಕರ ಪುಸ್ತಕದಲ್ಲಿ ಹೊರಹೋದ ಹೊತ್ತು ಬರೆದು ಹೋದರು. ಗೆರೆಯ ಓರೆ ನನಗೂ ಕಂಡಿತ್ತು. ಸೋಮವಾರವೇ ಕಂಡಿತ್ತು. ಆದರೆ ಅದು ನನ್ನ ಅಂದಾಜಿಗೆ ಕೂಡುತ್ತಿರಲಿಲ್ಲ, ಹಾಗಾಗಿ ಪಕ್ಕಕ್ಕಿಟ್ಟಿದ್ದೆ.

ಬುಧವಾರ ಬೆಳಿಗ್ಗೆ ಪಾಟೀಲರು ಲೀಡ್ಸ್‌ನಿಂದ ಬಂದವರೇ ನನ್ನ ಮೇಜಿನ ಹತ್ತಿರ ನಿಂತರು. ಟೋಪಿಯಿಂದ ಮಳೆಹನಿ ತೊಟ್ಟಿಕ್ಕುತ್ತಿತ್ತು.

"ಏನ್ರಿ ಮೇಡಂ, ಊರ ಬಿಟ್ಟು ಎರಡ ದಿನ ಹೋಗೂದ್ರಾಗ ರಣಾನ ಮಾಡಿಟ್ಟೀರಿ? ಆ ಹೆಣ್ಮಗಳು ಪೆಟಿಗ್ಯಾಗ ಏನೋ ಮಸಲತ್ತು ಮಾಡ್ಯಾಳಂತ?"

"ಬಾಗಿಲು ತೆಗೆದಿದಾರೆ ಪಾಟೀಲರೇ. ಒಂಬತ್ತು ಸಲ."

"ಅಬಬಬ! ನೋಡ್ರಿ ಮತ್ತ, ಮಾರಿ ನೋಡಿ ನಂಬಬಾರದು ಯಾರನ್ನೂ," ಎಂದರು. ಆಮೇಲೆ ದನಿ ತಗ್ಗಿಸಿ, ಕ್ಷಮೆ ಕೇಳುವವರ ಹಾಗೆ ಹೇಳಿದರು, "ಅಂದಂಗ, ಈ ವಾರ ನಿಮಗ ಮೊಸರ ಇಲ್ರಿ. ಬಿಜಾಪುರ ಬಂದ್ ಮಾಡ್ಯಾರಲ್ಲ."

ನಾನು ಪೆನ್ನು ಕೆಳಗಿಟ್ಟೆ. "ಏನಂದ್ರಿ?"

"ಅಲ್ರಿ, ನಮ್ಮ ಮನ್ಯಾಗ ಹದಿನಾರ ಡಿಗ್ರಿ. ಬಿಲ್ ನೋಡಿದ್ರ ಹೀಟಿಂಗ್ ಹಚ್ಚಾಕ ಕೈ ಬರಂಗಿಲ್ಲ. ಇಲ್ಲೆ ನಲವತ್ಮೂರು ಡಿಗ್ರಿ ಪುಕ್ಕಟ ನಿಂತೈತಿ. ಮುಂಜಾನೆ ಬಂದಕೂಡ್ಲೆ ಡಬ್ಬಿ ಮೂಲ್ಯಾಗ ಇಡೂದು, ಊಟದ ಹೊತ್ತಿಗೆ ತಗಿಯೂದು. ಶುಕ್ರವಾರ ಬಳಗದ ಪಾತ್ರಿ ದೊಡ್ಡದಿತ್ತು, ಬಾಗಲದಾಗ ಹಿಡಿಸದ ಸ್ವಲ್ಪ ಹೊತ್ತಾತು."

ಹೇಳುತ್ತ ಹೇಳುತ್ತಲೇ ಅವರಿಗೆ ತಾನೇನು ಹೇಳುತ್ತಿದ್ದೇನೆ ಎಂಬುದು ತಿಳಿಯಿತು. ಟೋಪಿ ತೆಗೆದರು. ಕುರ್ಚಿ ಎಳೆದುಕೊಂಡು ಕೂತರು.

"ಎರಡ ನಿಮಿಷದ ಬಾಗಲಾರಿ ಅದು," ಎಂದರು ಕೊನೆಗೆ.

"ನೀವೇ ನನಗೆ ನಿಯಮ ಹೇಳಿಕೊಟ್ಟೋರು. ಬಾಗಿಲು ತೆಗೆದರೆ ಹೊತ್ತು, ಕಾರಣ, ಹೆಸರು."

"ಅದು ಕೆಲಸದ ಬಾಗಲಾ. ಇದು... ಮೊಸರಲ್ರಿ. ಮೊಸರಂತ ಹ್ಯಾಂಗ ಬರೀಲಿ ಇಂಗ್ಲಿಷಿನವರ ದಿನಚರ್ಯಾಗ?"

ಅವರು ಕಳ್ಳರಲ್ಲ. ಇಪ್ಪತ್ತೈದು ವರ್ಷ ಅಳತೆಯ ಕೆಲಸ ಮಾಡಿದವರು, ಅರ್ಧ ಡಿಗ್ರಿ ತಪ್ಪಿದರೆ ಪರೀಕ್ಷೆಯನ್ನೇ ನಿಲ್ಲಿಸುವವರು. ಆದರೆ ಮನೆಯಲ್ಲಿ ಬೆಚ್ಚಗಿನ ಮೂಲೆ ಹುಡುಕಿ ಹೆಪ್ಪಿನ ಪಾತ್ರೆ ಇಡುವುದು ಅವರಿಗೆ ಉಸಿರಾಟದಷ್ಟು ಸಹಜ. ಅದೂ ಒಂದು ಬಾಗಿಲು ತೆರೆಯುವ ಕೆಲಸ ಎಂದು ಅವರ ತಲೆಗೆ ಹೊಳೆದೇ ಇರಲಿಲ್ಲ. ನನಗೂ ಹೊಳೆಯಲಿಲ್ಲ. ಆ ಮೊಸರನ್ನು ಒಂದು ತಿಂಗಳಿಂದ ತಿನ್ನುತ್ತಿದ್ದೆ. ಈ ಚಳಿಯಲ್ಲಿ ಇಷ್ಟು ಗಟ್ಟಿಯಾಗಿ ಹೇಗೆ ಹೆಪ್ಪಾಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಎಲ್ಲದರ ಹಿಂಭಾಗ ನೋಡುವ ನನ್ನ ಮನಸ್ಸು ನಮ್ಮವರ ಡಬ್ಬಿಯ ಮುಚ್ಚಳದ ಹತ್ತಿರ ನಿಂತುಬಿಟ್ಟಿತ್ತು.

"ಬರೀಬೇಕೇನ್ರಿ?" ಎಂದರು.

"ಹೌದು."

"ನನ್ನ ಕೆಲಸ ಹೋಗಬಹುದು."

"ಅವರದು ಈಗಾಗಲೇ ಹೋಗಿದೆ."

ಅವರು ಕುರ್ಚಿ ಹಿಂದಕ್ಕೆ ಸರಿಸಿ ಎದ್ದರು. "ನೀವು ಬರೀಬ್ಯಾಡ್ರಿ. ನಾನ ಹೋಗಿ ಕೀತ್‌ಗೆ ಹೇಳ್ತೀನಿ. ನೀವು ಬರದ್ರ ಸುದ್ದಿ ಆಕ್ಕೈತಿ," ಎಂದರು. ಆ ಮಾತು ಚುಚ್ಚಿತು. ಅದಕ್ಕೆ ನಾನು ಅರ್ಹಳೇ ಆಗಿದ್ದೆ.

ಕೀತ್ ಮೊದಲು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿ, "ಯೋಗರ್ಟ್," ಎಂದು ಎರಡು ಸಲ ಹೇಳಿಕೊಂಡರು. ಪಾಟೀಲರಿಗೆ ಲಿಖಿತ ಎಚ್ಚರಿಕೆ ಕೊಟ್ಟು ಬಿಸಿಕೋಣೆಯ ಕೆಲಸದಿಂದ ತೆಗೆದು ಬೇರೆ ವಿಭಾಗಕ್ಕೆ ಹಾಕಿದರು. ಕೆಲಸ ಉಳಿಯಿತು. ನಮ್ಮ ಸ್ನೇಹ ಉಳಿಯಲಿಲ್ಲ. ಮೊಸರಿನ ಡಬ್ಬಿಗಾಗಿ ನಮ್ಮವರನ್ನೇ ಹಿಡಿದುಕೊಟ್ಟಳು ಎಂಬ ಮಾತು ಬಳಗದಲ್ಲಿ ಓಡಾಡಿತು.

ಗುರುವಾರ ಅಬೇನಾ ಬಂದರು. ಕೀತ್ ಅವರ ಮುಂದೆ ಎರಡು ದಾರಿ ಇಟ್ಟರು. ಒಂದು, ಇದೇ ಪರೀಕ್ಷೆಯ ವರದಿ ಕೊಡುವುದು. ಬಾಗಿಲು ತೆರೆದ ಕಾರಣ ಈಗ ಗೊತ್ತು, ಫಲಿತಾಂಶಕ್ಕೆ ಅದರಿಂದ ಧಕ್ಕೆಯಿಲ್ಲ ಎಂದು ಟಿಪ್ಪಣಿ ಹಾಕುತ್ತಾರೆ. ಟೆಂಡರಿಗೆ ಸಮಯಕ್ಕೆ ಸರಿಯಾಗಿ ಸಿಗುತ್ತದೆ. ಇನ್ನೊಂದು, ಹೊಸ ಪರೀಕ್ಷೆ.

"ಮೊದಲನೆಯದರ ಜೊತೆ ದಿನಚರಿಯ ಹಾಳೆಗಳೂ ಹೋಗುತ್ತವೆಯೇ?" ಎಂದು ಅಬೇನಾ ಕೇಳಿದರು.

"ನಿಯಮ," ಎಂದರು ಕೀತ್.

ಅಬೇನಾ ನನ್ನ ಕಡೆ ತಿರುಗಿದರು. "ನೀವು ಬರೆದದ್ದನ್ನು ತೆಗೆಯಬಹುದೇ?"

ತೆಗೆಯಲಾಗದು ಎಂದೆ. ದಿನಚರಿಯಲ್ಲಿ ತಪ್ಪಾದರೆ ಒಂದೇ ಗೆರೆ ಎಳೆಯಬೇಕು. ಕೆಳಗಿನ ಅಕ್ಷರ ಓದಲು ಬರುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಹಾಕಿದ್ದೆ. ತೋರಿಸಿದೆ. ಅಬೇನಾ ಗೆರೆಯ ಮೇಲಿನದನ್ನೂ ಕೆಳಗಿನದನ್ನೂ ನಿಧಾನವಾಗಿ ಓದಿದರು.

"ಆ ವಾರ ಈ ಲ್ಯಾಬಿನಲ್ಲಿ ನಾವು ನಾಲ್ಕು ಜನ ಓಡಾಡುತ್ತಿದ್ದೆವು," ಎಂದರು. "ನಾನು, ನೀವು, ಕೀತ್, ಪಾಟೀಲ್. ಆ ಹೊತ್ತಿನಲ್ಲಿ ನಾಲ್ವರೂ ಕಟ್ಟಡದಲ್ಲಿದ್ದೆವು. ನೀವು ಒಬ್ಬರ ಹೆಸರು ಮಾತ್ರ ಬರೆದಿರಿ."

"ಹೆಸರು ಬರೆಯಲಿಲ್ಲ. ಅರ್ಜಿದಾರರ ಪ್ರತಿನಿಧಿ ಎಂದು..."

"ಹೌದು. ಅಷ್ಟು ಜಾಣತನ ನಿಮಗಿದೆ."

ಅವರು ಹೊರಗೆ ಹೋಗಿ ಕುಮಾಸಿಗೆ ಫೋನ್ ಮಾಡಿದರು. ಕಾರಿಡಾರಿನ ಗಾಜಿನಾಚೆ ಮಳೆಯಲ್ಲಿ ಹೆಬ್ಬಾತುಗಳು ಪಾರ್ಕಿಂಗ್ ದಾಟುತ್ತಿದ್ದವು. ಅವರ ದನಿ ಏರಿತು, ಇಳಿಯಿತು, ಒಮ್ಮೆ ನಕ್ಕಂತೆಯೂ ಕೇಳಿಸಿತು. ಇಪ್ಪತ್ತು ನಿಮಿಷವಾದ ಮೇಲೆ ಒಳಗೆ ಬಂದರು.

"ಹೊಸ ಪರೀಕ್ಷೆ," ಎಂದರು.

"ಟೆಂಡರು ತಪ್ಪುತ್ತದೆ," ಎಂದರು ಕೀತ್.

"ಮುಂದಿನ ವರ್ಷ ಇನ್ನೊಂದು ಟೆಂಡರು ಬರುತ್ತದೆ. ಆದರೆ ಈ ಕಾಗದ ಪ್ರತಿ ಟೆಂಡರಿಗೂ ನನ್ನ ಹಿಂದೆ ಬರುತ್ತದೆ. ಓದುವವರು ಗೆರೆಯನ್ನು ನೋಡುವುದಿಲ್ಲ, ಗೆರೆಯ ಕೆಳಗೆ ಏನಿದೆ ಎಂದು ನೋಡುತ್ತಾರೆ. ನಿರಪರಾಧಿ ಎಂದು ಬರೆದ ಕಾಗದ ನನಗೆ ಬೇಡ. ಯಾರೂ ಏನೂ ಕೇಳಿರದ ಕಾಗದ ಬೇಕು." ಆಮೇಲೆ ನನ್ನನ್ನು ತೋರಿಸಿ, "ಒಂದು ಷರತ್ತು. ಈ ಸಲ ಇವರು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರಬೇಕು," ಎಂದರು.

ಕೂತೆ. ಡಿಸೆಂಬರಿನ ಎರಡು ವಾರ ನನಗೆ ನೆನಪಿರುವುದು ಆ ಬಾಗಿಲಿನ ಬಿಳಿ ಬಣ್ಣ, ಅದರ ರಬ್ಬರ್ ಅಂಚು, ಅಂಚಿನ ಮೇಲೆ ಅಂಟಿಸಿದ ಕಾಗದದ ಪಟ್ಟಿ. ಪಟ್ಟಿಯ ಮೇಲೆ ಎರಡು ಸಹಿ, ಅವರದೊಂದು ನನ್ನದೊಂದು. ಬೆಳಿಗ್ಗೆ ಎಂಟಕ್ಕೆ ಅಬೇನಾ ಬಂದು ಪಟ್ಟಿ ಹರಿದಿಲ್ಲವೆಂದು ನೋಡುವರು, ನಾನೂ ನೋಡುವೆ, ಇಬ್ಬರೂ ಬರೆಯುವೆವು. ಸಂಜೆ ಐದಕ್ಕೆ ಮತ್ತೆ. ಮಾತು ಕಡಿಮೆ. ಒಮ್ಮೆ ಅವರು ಫ್ಲಾಸ್ಕಿನ ಗಂಜಿಯನ್ನು ಒಂದು ಲೋಟಕ್ಕೆ ಬಗ್ಗಿಸಿ ನನ್ನ ಕುರ್ಚಿಯ ಪಕ್ಕ ಇಟ್ಟರು. ಕುಡಿದೆ. ಶುಂಠಿ ಖಾರವಾಗಿತ್ತು. "ಈಗಲಾದರೂ ನಂಬಿಕೆ ಬಂತೇ, ಇದರಲ್ಲಿ ಮಂಜು ಇಲ್ಲವೆಂದು?" ಎಂದರು.

ಮೊದಲ ವಾರ ಮಂಜು ಕಟ್ಟಿಸಿ, ಎರಡನೆಯ ಸೋಮವಾರ ಕರೆಂಟು ತೆಗೆದೆವು. ಮೂರನೆಯ ದಿನ ಸುದ್ದಿ ಬಂತು. ಟೆಂಡರು ಬ್ಯಾಟರಿ ಫ್ರಿಜ್ ಮಾಡುವ ಯಾವುದೋ ದೊಡ್ಡ ಕಂಪನಿಗೆ ಹೋಗಿತ್ತು. ಅಬೇನಾ ಅದನ್ನು ಫೋನಿನಲ್ಲಿ ಓದಿ, ಫೋನನ್ನು ಕೋಟಿನ ಜೇಬಿಗೆ ಹಾಕಿ, ಪರದೆಯ ಅಂಕಿಯನ್ನು ನೋಡಿದರು. ಹನ್ನೊಂದು ಜನರಲ್ಲಿ ನಾಲ್ವರನ್ನು ಕಳಿಸಬೇಕಾಯಿತು ಎಂದು ಆಮೇಲೆ ಹೇಳಿದರು. ಅತ್ತೆಯ ಮಕ್ಕಳು ಅದರಲ್ಲಿದ್ದರೇ ಎಂದು ನಾನು ಕೇಳಲಿಲ್ಲ. ನಾನು ಕೇಳದೆ ಬಿಟ್ಟ ಪ್ರಶ್ನೆಗಳಲ್ಲಿ ಅದೊಂದು.

ಪೆಟ್ಟಿಗೆ ಗುರುವಾರವನ್ನು ದಾಟಿತು, ಶನಿವಾರವನ್ನು ದಾಟಿತು. ವಾರಾಂತ್ಯದಲ್ಲೂ ನಾವಿಬ್ಬರೂ ಬಂದೆವು. ಆ ಕಟ್ಟಡದಲ್ಲಿ ನಾವಿಬ್ಬರಲ್ಲದೆ ಭದ್ರತಾ ಸಿಬ್ಬಂದಿಯೊಬ್ಬರು ಮಾತ್ರ. ಏಳನೆಯ ದಿನ ಮಧ್ಯಾಹ್ನ ಒಳಗಿನ ತಾಪ ಹತ್ತು ಡಿಗ್ರಿ ಮುಟ್ಟಿತು. ಮೊದಲ ಸಲಕ್ಕಿಂತ ನಲವತ್ತು ನಿಮಿಷ ಹೆಚ್ಚು ನಿಂತಿತ್ತು. ಬಾಗಿಲು ಒಂದು ಸಲವೂ ತೆರೆದಿರಲಿಲ್ಲ. ಗಾಳಿಯ ಗೆರೆ ಹಲಗೆಯಂತೆ ನೇರ. ಹೊತ್ತು ಬರೆದೆ. ಅಬೇನಾ ಸಹಿ ಹಾಕಿದರು. ಕೀತ್‌ಗೆ ಫೋನ್ ಮಾಡಿ ತಿಳಿಸಲು ಹೊರಗೆ ಹೋದರು.

ಇನ್ನು ಪೆಟ್ಟಿಗೆಯನ್ನು ಹೊರತರುವುದಷ್ಟೇ ಬಾಕಿ. ನಾನು ಪಟ್ಟಿ ಹರಿದು ಬಾಗಿಲು ತೆರೆದು ಒಳಗೆ ಹೋದೆ. ಬಿಸಿ ಮುಖಕ್ಕೆ ಬಡಿಯಿತು. ಪೆಟ್ಟಿಗೆ ನಡುವೆ ನಿಂತಿತ್ತು, ಮೌನವಾಗಿ, ಬೂದು ಬಣ್ಣದ್ದು, ಒಂದು ಅಂಚಿನಲ್ಲಿ ಹೊಟ್ಟಿನ ಹಲಗೆ ಸ್ವಲ್ಪ ಚೂರಾಗಿತ್ತು. ಎಲ್ಲ ಮುಗಿದಿತ್ತು. ಎರಡು ವಾರ ನಾನೇ ಕಾದ ಬಾಗಿಲು, ನಾನೇ ಬರೆದ ದಿನಚರಿ, ನನ್ನದೇ ಸಹಿ. ಆದರೂ ನಾನು ಬಗ್ಗಿ ಪೆಟ್ಟಿಗೆಯ ಹಿಂದೆ ಕೈ ಹಾಕಿ ಮೇಲಿಂದ ಕೆಳಗೆ ತಡವಿ ನೋಡಿದೆ.

ಬಾಗಿಲಲ್ಲಿ ಅಬೇನಾ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಎಣಿಸಿರಲಿಲ್ಲ.

"ತಳದಲ್ಲೂ ನೋಡಿಬಿಡಿ," ಎಂದರು. ಕೋಟು ಬಿಚ್ಚಿ ಬಾಗಿಲಿನ ಹಿಡಿಗೆ ನೇತುಹಾಕಿ ಒಳಗೆ ಬಂದು, ಎರಡೂ ಕೈಯಿಂದ ಪೆಟ್ಟಿಗೆಯ ಒಂದು ಬದಿಯನ್ನು ಎತ್ತಿ ಹಿಡಿದರು. ನೋಡಲಿ ಎಂದು.

ನಾನು ಮೊಣಕಾಲೂರಿ ನೋಡಿದೆ.